ನನ್ನ ಹೆರಳಿನ ತುದಿಗೆ ಐದು ವರ್ಷ

ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕರೆ ನನಗೊಂದು ಕೆಟ್ಟ ಚಟ. ಹೆರಳನ್ನು ಮುಂದಕ್ಕೆ ಎಳೆದುಕೊಂಡು, ತುದಿಯನ್ನು ಬೆಳಕಿಗೆ ಹಿಡಿದು, ಸೀಳಿದ ಕೂದಲು ಹುಡುಕುತ್ತಾ ಕೂರುವುದು. ಹುಬ್ಬಳ್ಳಿ ಬಿಟ್ಟು ನವನಗರ ಬರುವಷ್ಟರಲ್ಲಿ ಹತ್ತಾದರೂ ಸಿಗುತ್ತಿದ್ದವು.

ಒಂದು ಕವಲುಗೋಲಿನ ಹಾಗೆ ತುದಿಯಲ್ಲಿ ಎರಡಾಗಿರುತ್ತದೆ. ಇನ್ನೊಂದು ಹಕ್ಕಿ ಪುಕ್ಕದ ಹಾಗೆ, ಒಂದೇ ಬದಿಗೆ ಮೂರು ನಾಲ್ಕು ಎಳೆ ಎದ್ದಿರುತ್ತವೆ. ಕೆಲವಕ್ಕೆ ಸೀಳೇ ಇಲ್ಲ, ನಡುವೆ ಸೂಜಿ ಮೊನೆಯಷ್ಟು ಬಿಳಿ ಚುಕ್ಕೆ. ಅಲ್ಲಿ ಸ್ವಲ್ಪ ಬಗ್ಗಿಸಿದರೆ ಪಟ್ ಅಂತ ಮುರಿಯುತ್ತದೆ. ಇದನ್ನೆಲ್ಲ ಸುಮ್ನೆ ನೋಡಿದ್ದರೆ ಪರವಾಗಿರಲಿಲ್ಲ. ನಾನು ಕವಲೊಡೆದ ಎರಡು ಎಳೆಗಳನ್ನೂ ಉಗುರಿನಲ್ಲಿ ಹಿಡಿದು ಎಳೆಯುತ್ತಿದ್ದೆ. ಸರ್ರನೆ ಎರಡು ಇಂಚು ಮೇಲಕ್ಕೆ ಸೀಳಿಕೊಂಡು ಹೋಗುವುದು. ಅದರಲ್ಲೇನೋ ಖುಷಿ! ಒಂದು ದಿನ ಪಕ್ಕದಲ್ಲಿ ಕೂತಿದ್ದ ಅಜ್ಜಿ ನೋಡಿ ನೋಡಿ ಸಾಕಾಗಿ, "ಯಾಕವಾ, ಹೇನು ಆಗ್ಯಾವೇನು?" ಅಂದರು. ಅವತ್ತಿಗೆ ಬಸ್ಸಿನ ಚಟ ನಿಂತಿತು. ಸೀಳುವುದು ನಿಲ್ಲಲಿಲ್ಲ.

ಆಮೇಲೆ ಒಂದು ಪಾರ್ಲರಿಗೆ ಹೋದೆ. ಸೀಳಿದ ತುದಿ ಕೂಡಿಸುವ ಟ್ರೀಟ್‌ಮೆಂಟ್ ಇದೆ ಅಂದರು. 1,800 ರೂಪಾಯಿ. ಮನೆಗೆ ಬಂದಾಗ ಕೂದಲು ರೇಷ್ಮೆ ಥರ ಜಾರುತ್ತಿತ್ತು, ಖರೇನೇ ಅನ್ನಿಸಿತ್ತು. ಮೂರನೇ ಸಲ ತಲೆ ಎರೆದುಕೊಳ್ಳುವ ಹೊತ್ತಿಗೆ ಎಲ್ಲ ವಾಪಸ್. ಇಂಥದ್ದರಲ್ಲಿ ಇರುವುದು ಹೆಚ್ಚಾಗಿ ಸಿಲಿಕೋನ್. ಸೀಳಿದ ಎಳೆಗಳನ್ನು ಒಂದಕ್ಕೊಂದು ಅಂಟಿಸಿ ಇಡುತ್ತದೆ, ತೊಳೆದಂತೆ ಬಿಟ್ಟುಕೊಳ್ಳುತ್ತದೆ. ಸೀಳಿದ ಕೂದಲನ್ನು ಮತ್ತೆ ಒಂದು ಮಾಡುವ ಸೀರಮ್ ಆಗಲಿ, ಎಣ್ಣೆಯಾಗಲಿ ಇಲ್ಲ. ಚರ್ಮಕ್ಕೆ ಗಾಯವಾದರೆ ಮಾಯುತ್ತದೆ, ಜೀವ ಇದೆ. ಕೂದಲು ನೆತ್ತಿಯಿಂದ ಹೊರಗೆ ಬಂದ ಮೇಲೆ ಬರೀ ಕೆರಾಟಿನ್ ಅನ್ನುವ ಪ್ರೋಟೀನಿನ ನೂಲು. ತಿಂದದ್ದು, ಕುಡಿದದ್ದು ಬುಡಕ್ಕೆ ಮುಟ್ಟೀತು, ತುದಿಗೆ ಮುಟ್ಟುವುದಿಲ್ಲ.

ನೂಲು ಅಂದೆನಲ್ಲ, ನನಗೆ ಇದು ತಿಳಿದದ್ದೇ ಅಪ್ಪನ ಮಗ್ಗದ ಮುಂದೆ. ನಮ್ಮ ತವರು ಗದಗ-ಬೆಟಗೇರಿ, ನೇಯ್ಗೆಯ ಮನೆ. ದೀಪಾವಳಿಗೆ ಹೋದಾಗ ತಲೆ ಎರೆದುಕೊಂಡು ಬಂದು, ಹಸಿ ಕೂದಲಿನಲ್ಲೇ ಸಣ್ಣ ಹಲ್ಲಿನ ಹಣಿಗೆ ಹಾಕಿ ನೆತ್ತಿಯಿಂದ ಕೆಳಕ್ಕೆ ಜಗ್ಗುತ್ತಿದ್ದೆ. ಸಿಕ್ಕು ಬಿಡಲಿಲ್ಲ, ನಾನೂ ಬಿಡಲಿಲ್ಲ. ಅಪ್ಪ ಕೂತಲ್ಲಿಂದಲೇ, "ಹತ್ತಿ ನೂಲು ಹಸಿ ಆದ್ರ ಗಟ್ಟಿ ಆಗತೈತಿ, ರೇಷ್ಮಿ ಹಸಿ ಆದ್ರ ಸೋಲತೈತಿ. ನಿನ್ನ ಕೂದಲಾ ಹತ್ತಿ ಅಲ್ಲವಾ" ಅಂದರು. ಅವರ ಮಾತು ಸರಿ. ಹತ್ತಿ ಗಿಡದ್ದು. ರೇಷ್ಮೆಯೂ ಕೂದಲೂ ಪ್ರೋಟೀನ್, ಎರಡೂ ನೀರು ಕುಡಿದಾಗ ಸೋಲುತ್ತವೆ. ಒದ್ದೆ ಕೂದಲು ಜಗ್ಗಿದಷ್ಟೂ ಉದ್ದವಾಗುತ್ತದೆ, ಜಾಸ್ತಿ ಜಗ್ಗಿದರೆ ಮತ್ತೆ ಮೊದಲಿನಂತಾಗುವುದಿಲ್ಲ.

ಅವತ್ತು ಮಧ್ಯಾಹ್ನ ಟೇಪು ತಗೊಂಡು ಹೆರಳು ಬಿಚ್ಚಿ ಅಳೆದೆ. 75 ಸೆಂಟಿಮೀಟರ್. ಕೂದಲು ತಿಂಗಳಿಗೆ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು, ವರ್ಷಕ್ಕೆ ಸುಮಾರು 15 ಸೆಂಟಿಮೀಟರ್ ಬೆಳೆಯುತ್ತದೆ. ಅಂದರೆ ನನ್ನ ಹೆರಳಿನ ತುದಿ ನೆತ್ತಿಯಿಂದ ಹೊರಗೆ ಬಂದು ಐದು ವರ್ಷ. ಮಗಳು ಹುಟ್ಟಿದ ವರ್ಷದ ಕೂದಲದು. ಅವಳು ಈಗ ಯುಕೆಜಿ. ವಾರಕ್ಕೆ ಎರಡು ಸಲ ಅಂತ ಲೆಕ್ಕ ಹಿಡಿದರೂ ಆ ತುದಿ ಐನೂರಕ್ಕೂ ಹೆಚ್ಚು ಸಲ ತೊಳೆಸಿಕೊಂಡಿದೆ. ಟವೆಲ್ಲಿನಲ್ಲಿ ತಿಕ್ಕಿಸಿಕೊಂಡಿದೆ, ಬ್ಯಾಗಿನ ಪಟ್ಟಿಗೆ ಸಿಕ್ಕಿದೆ, ಬಸ್ ಸೀಟಿಗೆ ಉಜ್ಜಿದೆ. ಅಷ್ಟು ಒಗೆದ ಸೀರೆಯ ಸೆರಗು ಎಳೆ ಬಿಡದೆ ಇರುತ್ತದಾ?

ಕೂದಲಿನ ಮೈಮೇಲೆ ಮಂಗಳೂರು ಹಂಚು ಹೊದಿಸಿದ ಹಾಗೆ ಸಣ್ಣ ಸಣ್ಣ ಪದರ ಇರುತ್ತವೆ, ತುದಿಯ ಕಡೆ ಮುಖ ಮಾಡಿ. ಒಳಗೆ ಉದ್ದುದ್ದ ನಾರು. ನೀರು ಬಿದ್ದಾಗ ಕೂದಲು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ, ಈ ಆಟದಲ್ಲಿ ಹಂಚು ಏಳುತ್ತವೆ, ತಿಕ್ಕಿದಾಗ ಉದುರುತ್ತವೆ. ಹಂಚು ಹೋದ ಮೇಲೆ ಒಳಗಿನ ನಾರು ಬಿಚ್ಚಿಕೊಳ್ಳದೆ ಇನ್ನೇನು ಮಾಡೀತು.

ಒಂದೇ ದಿನದಲ್ಲಿ ಕೆಡಿಸುವ ದಾರಿಯೂ ಇದೆ, ಅದೂ ಆಗಿದೆ. ಬ್ಯಾಡಗಿಯಲ್ಲಿ ಚಿಕ್ಕಮ್ಮನ ಮಗಳ ಮದುವೆ. ಅಕ್ಷತೆಗೆ ಹೊತ್ತಾಯಿತು ಅಂತ ಅರ್ಧ ಒಣಗಿದ ಕೂದಲಿಗೇ ಇಸ್ತ್ರಿ ಮಷಿನ್ ಹಿಡಿಸಿಕೊಂಡೆ. ಚುರ್ ಅಂತ ಸದ್ದು, ಹೊಗೆ. ಆವಿ ಅಷ್ಟೇ ಅಂತ ನಕ್ಕರು. ಆವಿಯೇ, ಆದರೆ ಕೂದಲಿನ ಒಳಗಿನ ನೀರು ಕುದ್ದು ಬಂದ ಆವಿ. ಹಾಗೆ ಕುದ್ದಾಗ ಕೂದಲಿನೊಳಗೆ ಗುಳ್ಳೆ ಏಳುತ್ತವೆ, ಗುಳ್ಳೆ ಇದ್ದಲ್ಲಿ ಮುರಿಯುತ್ತದೆ. ಮೆಣಸಿನಕಾಯಿ ಘಾಟಿಗಿಂತ ಆ ಕೂದಲಿನ ವಾಸನೆಯೇ ಇವತ್ತಿಗೂ ನೆನಪಿದೆ.

ಈಗ ನಾನು ಮಾಡುವುದು ಬಹಳೇನಿಲ್ಲ. ತಲೆ ಎರೆದುಕೊಳ್ಳುವ ಹಿಂದಿನ ರಾತ್ರಿ ಕೊಬ್ಬರಿ ಎಣ್ಣೆ, ನೆತ್ತಿಗಲ್ಲ, ಕೆಳಗಿನ ಅರ್ಧಕ್ಕೆ. ಮೊದಲು ನಾನು ನೆತ್ತಿಗೆ ಬಟ್ಟಲು ಎಣ್ಣೆ ಸುರಿದು ತುದಿಗೆ ಕೈಯಲ್ಲಿ ಉಳಿದದ್ದನ್ನು ಒರೆಸುತ್ತಿದ್ದೆ! ಬೆಟಗೇರಿಯಲ್ಲಿ ಹಾಸಿನ ನೂಲಿಗೆ ಗಂಜಿ ಹಾಕುವುದು ಮಗ್ಗಕ್ಕೆ ಏರಿಸುವ ಮುಂಚೆ, ಸವೆದ ಮೇಲಲ್ಲ. ಎಣ್ಣೆಯೂ ಹಾಗೇ, ತೊಳೆಯುವ ಮುಂಚೆ. ಕೊಬ್ಬರಿ ಎಣ್ಣೆಯೇ ಯಾಕೆ ಅಂದರೆ ಅದು ಕೂದಲಿನ ಒಳಕ್ಕೆ ಇಳಿಯುತ್ತದೆ, ನೀರಿಗೆ ಕೂದಲು ಉಬ್ಬುವುದನ್ನು ತಡೆಯುತ್ತದೆ. 2003ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಮೂರನ್ನೂ ಹಚ್ಚಿ ನೋಡಿದ್ದರು. ಕೂದಲಿನ ಪ್ರೋಟೀನ್ ಹೋಗುವುದನ್ನು ಕಡಿಮೆ ಮಾಡಿದ್ದು ಕೊಬ್ಬರಿ ಎಣ್ಣೆ ಒಂದೇ. ಅಜ್ಜಿಯ ಹರಳೆಣ್ಣೆ ನನಗೆ ಆಗಿಬರಲಿಲ್ಲ, ಅಂಟಂಟಾಗಿ ಸಿಕ್ಕೇ ಜಾಸ್ತಿಯಾಯಿತು.

ಶಾಂಪೂ ನೆತ್ತಿಗೆ ಮಾತ್ರ, ಕಂಡೀಷನರ್ ತುದಿಗೆ. ಮಲಪ್ರಭಾ ನಲ್ಲಿ ನೀರು ಬಂದ ದಿನವೇ ತಲೆಸ್ನಾನ. ನಮ್ಮ ಬೋರ್‌ವೆಲ್ ನೀರು ಗಡಸು, ಬಕೆಟ್ಟಿಗೇ ಬಿಳಿ ಕಟ್ಟುತ್ತದೆ, ಕೂದಲು ಒರಟಾಗುತ್ತದೆ. ಟವೆಲ್ಲಿನಿಂದ ಝಾಡಿಸುವುದು ಬಿಟ್ಟು ಅಪ್ಪನ ಹಳೆ ಧೋತರ ಸುತ್ತಿಕೊಳ್ಳುತ್ತೇನೆ. ಮುಕ್ಕಾಲು ಒಣಗಿದ ಮೇಲೆ ದೊಡ್ಡ ಹಲ್ಲಿನ ಹಣಿಗೆ, ತುದಿಯಿಂದ ಶುರು ಮಾಡಿ ಮೇಲಕ್ಕೆ.

ಮತ್ತೆ ಕತ್ತರಿ. ಕತ್ತರಿಸಿದರೆ ಕೂದಲು ಬೇಗ ಬೆಳೆಯುತ್ತದೆ ಅನ್ನುವುದು ಸುಳ್ಳು, ತುದಿ ಕತ್ತರಿಸಿದ್ದು ಬುಡಕ್ಕೆ ಹೇಗೆ ಗೊತ್ತಾಗಬೇಕು? ಆದರೆ ಸೀಳು ಮೇಲಕ್ಕೆ ಓಡುವುದು ನಿಲ್ಲುತ್ತದೆ. ನಾಲ್ಕು ತಿಂಗಳಿಗೊಮ್ಮೆ ಒಂದು ಇಂಚು ತೆಗೆಸುತ್ತೇನೆ. ನಡುವೆ ಭಾನುವಾರ ಕಟ್ಟೆ ಮೇಲೆ ಬಿಸಿಲಿಗೆ ಕೂತು, ಬೆರಳು ದಪ್ಪದ ಕೂದಲು ಹಿಡಿದು ಹುರಿ ಮಾಡುತ್ತೇನೆ. ಸೀಳಿದವೆಲ್ಲ ಹುರಿಯಿಂದ ಹೊರಗೆ ಎದ್ದು ನಿಲ್ಲುತ್ತವೆ. ಸೀಳಿನ ಅರ್ಧ ಸೆಂಟಿಮೀಟರ್ ಮೇಲೆ ಕತ್ತರಿಸುತ್ತೇನೆ. ಮಗಳು ಪಕ್ಕದಲ್ಲಿ ಕೂತು ಎಣಿಸುತ್ತಾಳೆ. ಮೊದಲೆಲ್ಲ ಅವಳಿಗೆ ಬರುವ ಎಣಿಕೆ ಮುಗಿದುಹೋಗುತ್ತಿತ್ತು. ಹೋದ ವಾರ ಹನ್ನೊಂದಕ್ಕೇ ನಿಂತಿತು.

ಕತ್ತರಿ ಮಾತ್ರ ಹರಿತ ಇರಬೇಕು. ಮೊಂಡು ಕತ್ತರಿ ಕೂದಲನ್ನು ಕತ್ತರಿಸುವುದಿಲ್ಲ, ಜಜ್ಜುತ್ತದೆ, ಜಜ್ಜಿದ ತುದಿ ಮತ್ತೆ ಸೀಳುತ್ತದೆ. ಅದಕ್ಕೇ ಕೂದಲಿಗೆ ಅಂತಲೇ ಒಂದು ಸಣ್ಣ ಕತ್ತರಿ ತಂದು, ಇದನ್ನು ಯಾರೂ ಮುಟ್ಟಬಾರದು ಅಂತ ಮನೆಯಲ್ಲಿ ಹೇಳಿ ಇಟ್ಟಿದ್ದೆ. ಈ ಭಾನುವಾರ ಹುಡುಕಿದರೆ ಡ್ರಾಯರ್‌ನಲ್ಲಿ ಇಲ್ಲ. ಅಡುಗೆಮನೆಯಲ್ಲಿ, ಹಾಲಿನ ಒಡೆದ ಪಾಕೀಟಿನ ಪಕ್ಕ ಸಿಕ್ಕಿತು. ಕೇಳಿದರೆ ನಮ್ಮನೆಯವರು, "ಭಾರಿ ಚುರುಕೈತಿ ನೋಡಿದು" ಅಂದರು.