ಚನ್ನಗಿರಿ ಮಾವನ ಜೊತೆ ಲಾಲ್‌ಬಾಗ್

ಲಾಲ್‌ಬಾಗ್ ನೋಡಬೇಕೆಂದರೆ ಫಲಪುಷ್ಪ ಪ್ರದರ್ಶನ ಇಲ್ಲದ ದಿನ ಹೋಗಬೇಕು. ಜನವರಿ 26, ಆಗಸ್ಟ್ 15ರ ಆಸುಪಾಸಿನಲ್ಲಿ ಹೋದರೆ ಹೂವು ನೋಡಬಹುದು, ಮರ ನೋಡೋಕೆ ಆಗಲ್ಲ. ಜನರ ನೂಕಾಟದಲ್ಲಿ ಒಂದು ಮರದ ಕೆಳಗೆ ಐದು ನಿಮಿಷ ನಿಲ್ಲೋಕೂ ಬಿಡೋದಿಲ್ಲ. ನಾವು ಯಾವ ವಿಶೇಷವೂ ಇಲ್ಲದ ಒಂದು ವಾರದ ದಿನ ಹೋಗಿದ್ದೆವು.

ನಮ್ಮ ದಾವಣಗೆರೆ ಕಡೆಯಿಂದ ಬೆಂಗಳೂರಿಗೆ ಆಸ್ಪತ್ರೆ, ಕೋರ್ಟು, ಮದುವೆ ಅಂತ ಹೋಗುವವರೇ ಜಾಸ್ತಿ. ಗಿಡ ನೋಡೋಕೆ ಅಂತಲೇ ಹೋಗುವವರು ಕಡಿಮೆ. ಚನ್ನಗಿರಿಯಲ್ಲಿ ಅಡಿಕೆ ತೋಟ ಮಾಡಿಕೊಂಡಿರುವ ನನ್ನ ಸೋದರಮಾವ, ಕುಂದುವಾಡ ಕೆರೆ ಹತ್ತಿರದ ನಮ್ಮ ಗಾಜಿನ ಮನೆ ನೋಡಿದಾಗಿನಿಂದ ಒಂದೇ ಮಾತು ಹೇಳುತ್ತಿದ್ದರು: "ಮೊದಲನೇದು ನೋಡ್ಬೇಕಲ್ಲವ್ವ, ಲಾಲ್‌ಬಾಗಿಂದು." ರಾತ್ರಿ ರೈಲು ಹತ್ತಿದೆವು. ಬೆಳಗ್ಗೆ ಯಶವಂತಪುರದಲ್ಲಿ ಇಳಿದು, ಹಸಿರು ಮಾರ್ಗದ ಮೆಟ್ರೊ ಹಿಡಿದರೆ ಸೀದಾ ಲಾಲ್‌ಬಾಗ್ ನಿಲ್ದಾಣ. ಆಟೋದವರ ಜೊತೆ ಚೌಕಾಸಿ ಮಾಡುವ ಕೆಲಸವೇ ಇಲ್ಲ.

ಗಾಜಿನ ಮನೆಯನ್ನೇ ಮೊದಲು ನೋಡಿದೆವು. 1889ರಲ್ಲಿ ಇಂಗ್ಲೆಂಡಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಹಾಕಿದ್ದು. ಆಗ ತೋಟ ನೋಡಿಕೊಳ್ಳುತ್ತಿದ್ದವರು ಜಾನ್ ಕ್ಯಾಮರಾನ್. ಮಾವ ಒಂದು ಸುತ್ತು ಹಾಕಿದರು, ಕಬ್ಬಿಣದ ಕಂಬವನ್ನು ಕೈಯಿಂದ ತಟ್ಟಿ ನೋಡಿದರು, "ಚೆನ್ನಾಗೈತೆ" ಅಂದರು. ಅಷ್ಟೇ. ಒಳಗೆ ಖಾಲಿ ಇರುವ ಗಾಜಿನ ಮನೆ ನಿಜಕ್ಕೂ ಬೇಗ ಮುಗಿದುಹೋಗುತ್ತದೆ. ಅವರ ಕಣ್ಣು ಆಗಲೇ ಹೊರಗಿನ ಮರಗಳ ಮೇಲಿತ್ತು.

ಅಲ್ಲಿಂದ ನಮ್ಮ ನಡಿಗೆ ನಿಧಾನವಾಯಿತು. 240 ಎಕರೆ ತೋಟ. ಹೈದರಾಲಿ 1760ರಲ್ಲಿ ಶುರು ಮಾಡಿದ್ದು. ಟಿಪ್ಪು ಹೊರದೇಶಗಳಿಂದ ಗಿಡ, ಬೀಜ ತರಿಸಿ ಬೆಳೆಸಿದ. ಬ್ರಿಟಿಷರೂ ಮೈಸೂರು ಅರಸರೂ ಅದನ್ನೇ ಮುಂದುವರಿಸಿದರು. ಮರಗಳಿಗೆ ಹೆಸರಿನ ಫಲಕ ಹಾಕಿದ್ದಾರೆ. ನಾನು ಓದಿ ಹೇಳುವುದು, ಮಾವ ತೊಗಟೆ ಮುಟ್ಟಿ, ಬಿದ್ದ ಎಲೆ ಎತ್ತಿಕೊಂಡು ಮುರಿದು ಮೂಸುವುದು. ಹೀಗೇ ಸಾಗಿತು.

ನಾಗಲಿಂಗದ ಮರದ ಹತ್ತಿರ ಜಾಸ್ತಿ ಹೊತ್ತು ನಿಂತೆವು. ಇದರ ಹೂವು ಕೊಂಬೆಯ ತುದಿಯಲ್ಲಿ ಬಿಡುವುದಿಲ್ಲ. ಬೊಡ್ಡೆಯಿಂದಲೇ ಕಡ್ಡಿಗಳು ಹೊರಟು ಜೋತುಬಿದ್ದಿರುತ್ತವೆ, ಅವುಗಳ ತುಂಬ ಮೊಗ್ಗು. ಕೆಳಗೆ ಬಿದ್ದಿದ್ದ ಹೂವೊಂದನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದೆ. ದಪ್ಪನೆಯ ಆರು ಎಸಳು, ಒಳಗಡೆ ಕೆಂಪು, ಹೊರಗೆ ಹಳದಿ ಛಾಯೆ. ನಡುವೆ ಪುಟ್ಟ ಲಿಂಗ, ಅದರ ಮೇಲೆ ಬಾಗಿದ ಹೆಡೆ, ಹೆಡೆಯ ಒಳಗೆ ಸಾಲಾಗಿ ಕೇಸರಗಳು. ಪರಿಮಳ ಕೈಗೆ ಅಂಟಿಕೊಂಡು ಮಧ್ಯಾಹ್ನದವರೆಗೂ ಇತ್ತು. ಕಾಯಿ ಮಾತ್ರ ಕಂದು ಬಣ್ಣದ ದೊಡ್ಡ ಗುಂಡು, ಬಿದ್ದು ಒಡೆದರೆ ಗಬ್ಬು ವಾಸನೆ. ಶಿವನ ಗುಡಿಗಳಲ್ಲಿ ಇಷ್ಟು ಭಕ್ತಿಯಿಂದ ಏರಿಸುವ ಈ ಹೂವಿನ ಮರದ ತವರು ದಕ್ಷಿಣ ಅಮೆರಿಕ. ಅದನ್ನು ಹೇಳಿದಾಗ ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನಮ್ಮ ಹೊಲದ ಮೆಕ್ಕೆಜೋಳ ಎಲ್ಲಿಂದು ಮತ್ತೆ?" ಅಂತ ಕೇಳಿದರು. ಅದರ ಮೂಲ ಮೆಕ್ಸಿಕೊ. ಮಂಡಕ್ಕಿ ಜೊತೆ ನಾವು ಕಚ್ಚಿಕೊಳ್ಳುವ ಮೆಣಸಿನಕಾಯಿಯೂ ಅಮೆರಿಕ ಖಂಡದ್ದೇ. ಗುಲ್‌ಮೊಹರ್ ಮಡಗಾಸ್ಕರ್‌ನಿಂದ ಬಂತು. ಮಳೆಮರ ಮತ್ತೆ ಅಮೆರಿಕ ಕಡೆಯದು. ದಾವಣಗೆರೆ ಸುತ್ತಿನ ಹೊಲ, ಬೀದಿ, ಗುಡಿಯ ಅಂಗಳದಿಂದ ಹೊರಗಿನವನ್ನೆಲ್ಲ ತೆಗೆದುಹಾಕಿದರೆ ಎಷ್ಟು ಬೋಳಾಗುತ್ತದೆ, ಅಲ್ವಾ? ಇಂಥ ಗಿಡಗಳನ್ನು ನಮ್ಮ ಮಣ್ಣಿನಲ್ಲಿ ನೆಟ್ಟು, ಕಾದು, ಬದುಕುತ್ತವೋ ಇಲ್ಲವೋ ನೋಡಿದ ಜಾಗ ಇದು. ನನಗೆ ಲಾಲ್‌ಬಾಗ್ ಮೇಲೆ ಪ್ರೀತಿ ಹುಟ್ಟಿದ್ದು ಇದಕ್ಕೇ.

ಬಿಳಿ ಬೂರುಗದ ಮರವನ್ನು ಯಾರೂ ತಪ್ಪಿಸಿಕೊಳ್ಳಬಾರದು. ಬುಡದ ಬೇರುಗಳು ಗೋಡೆ ಕಟ್ಟಿದ ಹಾಗೆ ಆಳೆತ್ತರಕ್ಕೆ ಎದ್ದಿವೆ. ಅಷ್ಟು ಎತ್ತರದ ಮರ ಗಾಳಿಗೆ ಬೀಳದಂತೆ ಹಿಡಿದಿರುವುದು ಇವೇ. ಮಾವ ಕತ್ತೆತ್ತಿ ನೋಡಿ, "ಇದ್ರ ಮುಂದೆ ನಮ್ಮ ಅಡಿಕೆ ಮರ ಕೂಸು" ಅಂದರು.

ಬಂಡೆಯ ಮೇಲೆ ಹತ್ತುವ ಹೊತ್ತಿಗೆ ಬಿಸಿಲು ಏರಿತ್ತು. ಕೆಂಪೇಗೌಡ ಗೋಪುರ ಇರುವ ಈ ಬಂಡೆಗೆ ಸುಮಾರು 300 ಕೋಟಿ ವರ್ಷ ಅನ್ನುತ್ತದೆ ಭೂವಿಜ್ಞಾನ. ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಬಗ್ಗಿ ನೋಡಿದರೆ ಬಿಳಿ, ಕಪ್ಪು ಪಟ್ಟೆಗಳು ಅಲೆಅಲೆಯಾಗಿ ಓಡಿರುವುದು ಕಾಣುತ್ತದೆ. ನಮ್ಮ ಪಕ್ಕದ ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲೂ ಇಂಥದೇ ಒಂದು ಸ್ಮಾರಕವಿದೆ. ನೀರಿನೊಳಗೆ ಹರಿದ ಲಾವಾ ದಿಂಬಿನ ಆಕಾರದಲ್ಲಿ ಗಟ್ಟಿಯಾದ ಕಲ್ಲುಗಳು ಅಲ್ಲಿವೆ. ಲಾಲ್‌ಬಾಗ್ ಬಂಡೆಯ ಮೇಲೆ ಫೋಟೊ ತೆಗೆಸಿಕೊಳ್ಳುವ ನಮ್ಮ ಕಡೆಯವರು ಮರಡಿಹಳ್ಳಿಗೂ ಒಮ್ಮೆ ಹೋಗಿ ಬರಬೇಕು. ಆ ಕಲ್ಲುಗಳನ್ನು ಕೇಳುವವರೇ ಇಲ್ಲವಲ್ಲ ಅಂತ ನನಗೆ ಬೇಜಾರು.

ಕೆರೆ ಏರಿಯ ಹತ್ತಿರ ಕೂತು ಬುತ್ತಿ ಬಿಚ್ಚಿದೆವು. ರೊಟ್ಟಿ, ಶೇಂಗಾ ಚಟ್ನಿಪುಡಿ, ಮೊಸರು. ತಿನ್ನುತ್ತಾ ಮರಿಗೌಡರ ಮಾತು ಬಂತು. ಹಾರ್ವರ್ಡ್‌ನಲ್ಲಿ ಓದಿ ಡಾಕ್ಟರೇಟ್ ಪಡೆದು, ರಾಜ್ಯದ ತೋಟಗಾರಿಕೆ ನಿರ್ದೇಶಕರಾಗಿದ್ದ ಎಂ.ಎಚ್. ಮರಿಗೌಡರು ಲಾಲ್‌ಬಾಗ್ ಅನ್ನು ಬೆಂಗಳೂರಿಗಷ್ಟೇ ಬಿಡದೆ, ಜಿಲ್ಲೆ ಜಿಲ್ಲೆಗಳಲ್ಲಿ ತೋಟಗಾರಿಕೆ ಫಾರಂ, ನರ್ಸರಿ ಬೆಳೆಯುವಂತೆ ನೋಡಿಕೊಂಡರು. ಅವರಿಗಿಂತ ಮೊದಲು, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಜರ್ಮನಿಯ ತೋಟಗಾರಿಕೆ ತಜ್ಞ ಕ್ರುಂಬಿಗಲ್, ಬೆಂಗಳೂರಿನ ರಸ್ತೆಗಳಲ್ಲಿ ಒಂದು ಮರದ ಹೂವು ಮುಗಿಯುವಾಗ ಇನ್ನೊಂದು ಬಿಡುವ ಹಾಗೆ ಸಾಲುಮರ ಹಾಕಿಸಿದರು. ಮಾವನಿಗೆ ಕ್ರುಂಬಿಗಲ್ ಹೆಸರು ಹೊಸದು. ಆದರೆ ಸರ್ಕಾರಿ ನರ್ಸರಿಯ ಸಸಿ ತಂದು ನೆಟ್ಟವರು, ಮರಿಗೌಡರ ಕೆಲಸದ ಬೆಲೆ ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಕ್ಯಾಮರಾನ್ ಕಾಲದಲ್ಲೇ ಬೆಂಗಳೂರಿಗೆ ಬಂದ ಇನ್ನೊಂದು ಬೆಳೆ ಸೀಮೆಬದನೆ. ಈ ಊರಿಗೆ ಎಷ್ಟು ಹೊಂದಿಕೊಂಡಿತೆಂದರೆ, ತಮಿಳರು ಇವತ್ತಿಗೂ ಅದನ್ನು ಬೆಂಗಳೂರು ಬದನೆ ಅಂತಲೇ ಕರೆಯುತ್ತಾರೆ. ಹೊರಗೆ ಬಂದಾಗ ತಳ್ಳುಗಾಡಿಯಲ್ಲಿ ಅದೇ ಕಾಯಿ ರಾಶಿ ಹಾಕಿಕೊಂಡು ಕೂತಿದ್ದರು. ಮಾವ ಒಂದೊಂದೇ ಎತ್ತಿ, ತಿರುಗಿಸಿ, ತುದಿಯಲ್ಲಿ ಮೊಳಕೆ ಇಣುಕುತ್ತಿದ್ದ ಬಲಿತ ಕಾಯಿಗಳನ್ನೇ ಆರಿಸಿದರು. ಇದಕ್ಕೆ ಬೀಜ ಬೇರೆ ಮಾಡುವ ಹಾಗಿಲ್ಲ. ಇರುವುದು ಒಂದೇ ಬೀಜ, ಅದು ಕಾಯಿಯೊಳಗೇ ಮೊಳೆಯುತ್ತದೆ. ಇಡೀ ಕಾಯಿಯನ್ನೇ ನೆಡಬೇಕು. "ಸಾರಿಗೆ ಎಳೆಯದು ತಗೊಳ್ಳಿ ಯಜಮಾನ್ರೆ" ಅಂತ ಗಾಡಿಯವರು ಹೇಳುತ್ತಲೇ ಇದ್ದರು. "ಸಾರಿಗಲ್ಲಪ್ಪ" ಅಂದರು ಮಾವ. ತೋಟದ ಬಾವಿ ಪಕ್ಕದಲ್ಲಿ ಈಗ ಅವಕ್ಕೆ ಚಪ್ಪರ ಹಾಕಿದ್ದಾರೆ.