ಗಾರೆ ನೋಡದೆ ಮನೆಯ ಕಾಲ ಹೇಳಬೇಡಿ

ಅಮೆರಿಕದ ಸೌತ್ ಕ್ಯಾರೊಲೈನಾದಲ್ಲಿರುವ ಚಾರ್ಲ್ಸ್‌ಟನ್ ನಗರದಲ್ಲಿ ಹಳೆಯ ಕಟ್ಟಡಗಳನ್ನು ದುರಸ್ತಿಗೆ ಮುಂಚೆ ಸರ್ವೆ ಮಾಡುವುದು ನನ್ನ ಕೆಲಸ. ಮನೆ ಅಳೆದು ನಕ್ಷೆ ಮಾಡಬೇಕು. ಬಿರುಕು ಎಲ್ಲಿದೆ, ತೇವ ಎಲ್ಲಿಂದ ಏರುತ್ತಿದೆ ಅಂತ ಗುರುತು ಹಾಕಬೇಕು. ಆಮೇಲೆ ವರದಿ. 1931ರಲ್ಲೇ ಇಲ್ಲಿ ಹಳೆ ಊರಿನ ಭಾಗವನ್ನು ಉಳಿಸೋಕೆ ನಿಯಮ ಬಂತು. ಅಮೆರಿಕದಲ್ಲಿ ಇಂಥದ್ದು ಅದೇ ಮೊದಲು. ಹಾಗಾಗಿ ಹಳೆ ಮನೆಯ ಹೊರಗಡೆ ಬದಲಾವಣೆ ಮಾಡಬೇಕಾದರೆ ನಗರದ ಪರಿಶೀಲನಾ ಮಂಡಳಿಯ ಮುಂದೆ ಕಾಗದಪತ್ರ ಇಡಬೇಕು. ಆ ಕಾಗದಪತ್ರದ ಬುಡ ನಮ್ಮ ಸರ್ವೆ.

ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ನಾನು ಹೇಳುವುದು ಇಷ್ಟೇ. ಮನೆ ನೋಡಿದ ತಕ್ಷಣ ಶೈಲಿಯ ಹೆಸರು ಹೇಳಬೇಡಿ. ಜಾರ್ಜಿಯನ್ (18ನೇ ಶತಮಾನದ ಇಂಗ್ಲಿಷ್ ಮಾದರಿ, ಎರಡೂ ಬದಿ ಸಮ), ಆ್ಯಡಮ್ (ಅದರ ನಂತರ ಬಂದ ನಾಜೂಕು ಮಾದರಿ), ಗ್ರೀಕ್ ರಿವೈವಲ್ (ಹಳೆ ಗ್ರೀಕ್ ಗುಡಿಗಳ ಕಂಬಗಳ ಅನುಕರಣೆ), ಗಾಥಿಕ್ ರಿವೈವಲ್ (ಚೂಪು ಕಮಾನಿನ ಹಳೆ ಚರ್ಚುಗಳ ಅನುಕರಣೆ) ಎಲ್ಲವೂ ಈ ಊರಲ್ಲಿ ಸಿಗುತ್ತವೆ. 1769ರ ಮೈಲ್ಸ್ ಬ್ರೂಟನ್ ಮನೆ ಜಾರ್ಜಿಯನ್. 1808ರ ನಥಾನಿಯಲ್ ರಸೆಲ್ ಮನೆ ಆ್ಯಡಮ್ ಶೈಲಿ; ಅಲ್ಲಿನ ಸುರುಳಿ ಮೆಟ್ಟಿಲು ಕಂಬದ ಆಸರೆಯಿಲ್ಲದೆ ಮೂರು ಮಹಡಿ ಏರುತ್ತದೆ. ಇವೆಲ್ಲ ಹೆಸರಾಂತ ಮನೆಗಳು, ಗುರುತಿಸೋದು ಕಷ್ಟ ಅಲ್ಲ. ನಮ್ಮ ಕೈಗೆ ಬರುವುದು ಹೆಚ್ಚಾಗಿ ಸಾಮಾನ್ಯ ಮನೆಗಳು. ಅವು ಯಾವ ಒಂದು ಹೆಸರಿಗೂ ಸಿಗಲ್ಲ.

ಇಲ್ಲಿನ 'ಸಿಂಗಲ್ ಹೌಸ್' ನೋಡಿ. ಅಗಲ ಒಂದೇ ಕೋಣೆ, ಉದ್ದ ಜಾಸ್ತಿ. ಕಿರಿದಾದ ಬದಿ ಬೀದಿಗೆ, ಉದ್ದದ ಬದಿ ಅಂಗಳಕ್ಕೆ. ಆ ಉದ್ದಕ್ಕೂ ಒಂದರ ಮೇಲೊಂದು ಜಗಲಿ. ಇಲ್ಲಿಯವರು ಅದನ್ನು ಪಿಯಾಜ ಅನ್ನುತ್ತಾರೆ. ಬೀದಿ ಬಾಗಿಲು ತೆಗೆದರೆ ಕಾಲಿಡುವುದು ಮನೆಯೊಳಗಲ್ಲ, ಜಗಲಿಗೆ. ಜಗಲಿ ಸಾಮಾನ್ಯವಾಗಿ ದಕ್ಷಿಣಕ್ಕೋ ಪಶ್ಚಿಮಕ್ಕೋ ಇರುತ್ತದೆ. ಬೇಸಿಗೆಯಲ್ಲಿ ಸೆಕೆ ತಡೆಯೋಕಾಗದ ಊರು ಇದು. ಬಿಸಿಲು ಗೋಡೆಗೆ ತಾಗಬಾರದು, ಗಾಳಿ ಮಾತ್ರ ಒಳಗೆ ಬರಬೇಕು. ಉತ್ತರದ ಗೋಡೆಯಲ್ಲಿ ಕಿಟಕಿ ಕಡಿಮೆ, ಯಾಕೆಂದರೆ ಅಲ್ಲಿ ಪಕ್ಕದ ಮನೆಯವರ ಅಂಗಳ.

ಈಗ ಆ ಜಗಲಿ ಗೋಡೆಗೆ ಸೇರುವ ಜಾಗಕ್ಕೆ ಟಾರ್ಚ್ ಹಿಡಿಯಿರಿ. ಎಷ್ಟೋ ಮನೆಗಳಲ್ಲಿ ಜಗಲಿಯ ತೊಲೆ ಕೂರಿಸೋಕೆ ಆಮೇಲೆ ಇಟ್ಟಿಗೆ ಒಡೆದ ಗುರುತು ಕಾಣುತ್ತದೆ. ಅಂದರೆ ಮನೆ 18ನೇ ಶತಮಾನದ್ದು, ಜಗಲಿ ಆಮೇಲಿನದ್ದು. ಮನೆ ಜಾರ್ಜಿಯನ್, ಕಂಬಗಳು ಗ್ರೀಕ್. ಇದನ್ನು ಯಾವ ಶೈಲಿ ಅಂತ ಬರೆಯೋದು? ಎರಡನ್ನೂ ಬರೆಯಬೇಕು, ಯಾವುದು ಮೊದಲು ಅನ್ನೋದನ್ನೂ ಬರೆಯಬೇಕು.

ಶೈಲಿ ಬದಲಾದದ್ದಕ್ಕೆ ಬರೀ ಫ್ಯಾಷನ್ ಕಾರಣ ಅಲ್ಲ. 1740ರಲ್ಲಿ ಇಲ್ಲಿ ದೊಡ್ಡ ಬೆಂಕಿ ಬಿತ್ತು. 1838ರಲ್ಲಿ ಮತ್ತೆ, 1861ರಲ್ಲಿ ಇನ್ನೊಮ್ಮೆ. 1838ರ ಬೆಂಕಿಯಾದ ಮೇಲೆ ಮನೆ ಕಟ್ಟೋಕೆ ಸರ್ಕಾರ ಸಾಲ ಕೊಟ್ಟಿತು. ಆದರೆ ಮರದಲ್ಲಿ ಕಟ್ಟುವ ಹಾಗಿಲ್ಲ, ಇಟ್ಟಿಗೆಯಲ್ಲೇ ಕಟ್ಟಬೇಕು ಅನ್ನುವ ಷರತ್ತು. ಆಗ ದೇಶದ ತುಂಬ ಗ್ರೀಕ್ ರಿವೈವಲ್ ನಡೆಯುತ್ತಿತ್ತು. ಹಾಗಾಗಿ ಆನ್ಸನ್‌ಬರೋ ಬಡಾವಣೆಯಲ್ಲಿ ಸಾಲು ಸಾಲಾಗಿ ಇಟ್ಟಿಗೆಯ ಗ್ರೀಕ್ ರಿವೈವಲ್ ಮನೆಗಳು. ಬೆಂಕಿಯ ನಕ್ಷೆ ಕೈಲಿದ್ದರೆ ಬೀದಿಯ ಅರ್ಧ ಕಥೆ ಗೊತ್ತಾದ ಹಾಗೆ.

ನನ್ನ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದನ್ನು ಕಲಿಸಿದವರು ಒಬ್ಬ ಹಿರಿಯ ಮೇಸ್ತ್ರಿ. ಒಂದು ಗೋಡೆಯ ಹತ್ತಿರ ಕರೆದು ಸುಮ್ನೆ ಕೈಯಿಟ್ಟು ನೋಡಿ ಅಂದರು. ಇಟ್ಟಿಗೆಗಳ ಮುಖ ಪುಡಿಪುಡಿಯಾಗಿ ಒಳಕ್ಕೆ ಸರಿದಿತ್ತು. ಇಟ್ಟಿಗೆಗಳ ನಡುವಿನ ಸಂದು ಮಾತ್ರ ಚೌಕಟ್ಟಿನ ಹಾಗೆ ಹೊರಗೆ ಎದ್ದು ನಿಂತಿತ್ತು, ಬೆರಳಿಗೆ ಚೂಪಾಗಿ ತಾಗುತ್ತಿತ್ತು. ಯಾವಾಗಲೋ ಯಾರೋ ಹಳೆ ಗಾರೆ ಕಿತ್ತು ಸಿಮೆಂಟ್ ಪಾಯಿಂಟಿಂಗ್ ಮಾಡಿದ್ದರು, ಅಂದರೆ ಆ ಸಂದುಗಳಿಗೆ ಸಿಮೆಂಟ್ ತುಂಬಿದ್ದರು.

ಆಗುವುದು ಹೀಗೆ. ಇಲ್ಲಿನ ಹಳೆ ಇಟ್ಟಿಗೆ ಮೆತ್ತಗೆ, ನೀರು ಕುಡಿಯುತ್ತದೆ. ನೆಲದಿಂದಲೂ ಮಳೆಯಿಂದಲೂ ಬಂದ ತೇವ ಸುಣ್ಣದ ಗಾರೆಯ ಸಂದಿನಿಂದ ಹೊರಗೆ ಆರಿಹೋಗಬೇಕು. ಸಿಮೆಂಟ್ ಆ ದಾರಿ ಮುಚ್ಚುತ್ತದೆ. ತೇವ ಇಟ್ಟಿಗೆಯಿಂದಲೇ ಹೊರಗೆ ಬರುತ್ತದೆ. ಸಮುದ್ರದ ಊರು, ತೇವದಲ್ಲಿ ಉಪ್ಪು. ನೀರು ಆರಿದಾಗ ಉಪ್ಪು ಹರಳುಗಟ್ಟಿ ಇಟ್ಟಿಗೆಯ ಮುಖವನ್ನೇ ಒಡೆದು ಹಾಕುತ್ತದೆ. "ಇಟ್ಟಿಗೆ ಬದಲಾಯಿಸೋದು ಕಷ್ಟ, ಗಾರೆ ಬದಲಾಯಿಸೋದು ಸುಲಭ. ಹಾಳಾಗೋದಿದ್ರೆ ಗಾರೆನೇ ಹಾಳಾಗಲಿ" ಅಂದರು ಅವರು. ಆವತ್ತಿನಿಂದ ನನ್ನ ವರದಿಯ ಮೊದಲ ಪುಟದಲ್ಲಿ ಇರುವುದು ಗಾರೆ.

ಹಳೆ ಗಾರೆ ಗುರುತಿಸೋದು ಸುಲಭ. ಹತ್ತಿರದಿಂದ ನೋಡಿದರೆ ಅದರಲ್ಲಿ ಬಿಳಿ ಚೂರುಗಳು ಸಿಗುತ್ತವೆ, ಸರಿಯಾಗಿ ಸುಡದೆ ಉಳಿದ ಸಿಂಪಿಯ ಚಿಪ್ಪು. ಈ ಕರಾವಳಿಯಲ್ಲಿ ಸುಣ್ಣದ ಕಲ್ಲು ಸಿಗುವುದು ಕಷ್ಟ, ಹಾಗಾಗಿ ಚಿಪ್ಪು ಸುಟ್ಟೇ ಸುಣ್ಣ ಮಾಡುತ್ತಿದ್ದರು. ಕರ್ನಾಟಕದ ನಮ್ಮ ಕರಾವಳಿಯ ಹಿರಿಯರಿಗೆ ಚಿಪ್ಪಿನ ಸುಣ್ಣ ಹೊಸದಲ್ಲ. ಹೊಸದಾಗಿ ಸುಣ್ಣದ ಪಾಯಿಂಟಿಂಗ್ ಮಾಡಿದಾಗ ಒದ್ದೆ ಗೋಣಿತಾಟು ಇಳಿಬಿಟ್ಟು ತೇವ ಕಾಪಾಡಬೇಕು, ಇಲ್ಲದಿದ್ದರೆ ಬೇಗ ಒಣಗಿ ಪುಡಿಯಾಗುತ್ತದೆ. ಇದಕ್ಕೆ ದಿನ ಹಿಡಿಯುತ್ತದೆ. ಗುತ್ತಿಗೆದಾರರಿಗೆ ಅವಸರ. ಆ ದಿನಗಳನ್ನು ವೇಳಾಪಟ್ಟಿಯಲ್ಲಿ ಮೊದಲೇ ಬರೆಸಿ, ಆಮೇಲೆ ಜಗಳ ಬೇಡ.

ಗೋಡೆಯ ಹೊರಗೆ ಕಾಣುವ ಕಬ್ಬಿಣದ ಬಿಲ್ಲೆಗಳ ಬಗ್ಗೆಯೂ ಒಂದು ಮಾತು. 1886ರ ಆಗಸ್ಟ್ 31ರ ರಾತ್ರಿ ಇಲ್ಲಿ ದೊಡ್ಡ ಭೂಕಂಪ ಆಯಿತು. ಬಿರಿದ ಗೋಡೆಗಳನ್ನು ಬಿಗಿಯಲು ಮನೆಯ ಈ ಬದಿಯಿಂದ ಆ ಬದಿಗೆ ಕಬ್ಬಿಣದ ಸರಳು ತೂರಿಸಿ, ಹೊರಗೆ ಬಿಲ್ಲೆ ಹಾಕಿ ತಿರುಪಿದರು. ಪ್ರವಾಸಿಗರು ಅದನ್ನು ಅಲಂಕಾರ ಅಂದುಕೊಳ್ಳುತ್ತಾರೆ. ನಾವು ತುಕ್ಕು ನೋಡಬೇಕು. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಸುತ್ತಲಿನ ಇಟ್ಟಿಗೆಯನ್ನು ಸೀಳುತ್ತದೆ.

ಇನ್ನೊಂದು ವಿಷಯ ವರದಿಯಲ್ಲಿ ಬಿಟ್ಟುಹೋಗಲೇಬಾರದು ಅಂತ ನಾನು ಹಟ ಹಿಡಿಯುತ್ತೇನೆ. ವಾಂಡೋ, ಕೂಪರ್ ನದಿಗಳ ದಡದ ಭಟ್ಟಿಗಳಲ್ಲಿ ಈ ಇಟ್ಟಿಗೆಗಳನ್ನು ಮಾಡಿದವರು ಗುಲಾಮರಾಗಿದ್ದ ಆಫ್ರಿಕನ್ ಮೂಲದ ಜನ. ಹಸಿ ಇಟ್ಟಿಗೆ ಎತ್ತುವಾಗ ಒತ್ತಿದ ಬೆರಳಿನ ಗುರುತು ಕೆಲವು ಇಟ್ಟಿಗೆಗಳಲ್ಲಿ ಇವತ್ತಿಗೂ ಇದೆ. ಕೆಲವು ಗುರುತು ಮಕ್ಕಳ ಬೆರಳಿನಷ್ಟು ಚಿಕ್ಕವು. ಅಂಥ ಇಟ್ಟಿಗೆ ಸಿಕ್ಕರೆ ಫೋಟೋ ತೆಗೆದು, ಯಾವ ಗೋಡೆ, ಯಾವ ಸಾಲು ಅಂತ ನಕ್ಷೆಯಲ್ಲಿ ಹಾಕುತ್ತೇವೆ. ಪಾಯಿಂಟಿಂಗ್ ಮಾಡುವವರಿಗೂ ಮೊದಲೇ ತೋರಿಸುತ್ತೇವೆ. ಮುಂಭಾಗದ ಕಂಬಗಳಿಗೆ ಪುಟಗಟ್ಟಲೆ ಬರೆದು, ಹಿತ್ತಲಿನ ಅಡುಗೆಮನೆಯನ್ನೂ ಗುಲಾಮರ ಕೋಣೆಗಳನ್ನೂ 'ಇತರೆ' ಅಂತ ಒಂದು ಸಾಲಿನಲ್ಲಿ ಮುಗಿಸಿದ ವರದಿಗಳನ್ನು ಓದಿದ್ದೇನೆ. ಅದು ಅರ್ಧ ಸರ್ವೆ ಅಷ್ಟೇ.

1989ರಲ್ಲಿ ಹ್ಯೂಗೊ ಚಂಡಮಾರುತ ಬಡಿದಾಗ ಈ ಊರಿಗೆ ಕೊರತೆಯಾದದ್ದು ಕೈಗೆಲಸ ಬಲ್ಲವರದ್ದು. ಗಿಲಾವು, ಬಡಗಿ ಕೆಲಸ, ಕಲ್ಲು ಕೆಲಸ ತಿಳಿದವರು ಸಾಕಷ್ಟು ಸಿಗಲಿಲ್ಲ. ಆ ಕೊರತೆಯಿಂದಲೇ ಇಲ್ಲಿ ಕಟ್ಟಡ ಕಲೆಗಳ ಕಾಲೇಜು ಹುಟ್ಟಿತು. ಈ ಕಡೆ ಇರುವ ನಮ್ಮ ಆರ್ಕಿಟೆಕ್ಟ್, ಸಿವಿಲ್ ಎಂಜಿನಿಯರ್ ಗೆಳೆಯರಿಗೆ ಚಾರ್ಲ್ಸ್‌ಟನ್‌ಗೆ ಬರುವ ಅವಕಾಶ ಸಿಕ್ಕರೆ ಈಗ ಮ್ಯೂಸಿಯಂ ಆಗಿರುವ ಏಕನ್-ರೆಟ್ ಮನೆಗೆ ಹೋಗಿ. ಅದನ್ನು ಹೊಸದು ಮಾಡದೆ, ಇದ್ದ ಸ್ಥಿತಿಯಲ್ಲೇ ಉಳಿಸಿದ್ದಾರೆ. ಹಿತ್ತಲಿನ ಕೋಣೆಗಳನ್ನು ಮೊದಲು ನೋಡಿ, ಆಮೇಲೆ ದೊಡ್ಡ ಮನೆಯೊಳಗೆ ಹೋಗಿ.