ಕಾರಿನ ಹೊಟ್ಟೆಯಲ್ಲಿ ಬೆಣ್ಣೆ

ಆಶ್ಲೇಷ ಮಳೆ ಹಿಡಿದು ಆರನೆಯ ದಿನ. ಶಾಲೆಗೆ ಮಳೆ ರಜೆ. ಮರುದಿನ ಅಪ್ಪಯ್ಯನ ಕಣ್ಣು ತೋರಿಸಲು ಶಿವಮೊಗ್ಗಕ್ಕೆ ಹೋಗುವುದಿತ್ತು. ದೂರದ ಊರಿಗೆಲ್ಲ ಬಸ್ಸೇ ನಮಗೆ ರೂಢಿ, ಆದರೆ ಆ ಮಳೆಯಲ್ಲಿ ಎಪ್ಪತ್ತೆರಡು ವರ್ಷದ ಮನುಷ್ಯನನ್ನು ಬಸ್ಸಿಗೆ ಹತ್ತಿಸಿ ಇಳಿಸುವುದು ಬೇಡವೆನಿಸಿ ಕಾರು ತೆಗೆಯೋಣವೆಂದುಕೊಂಡೆ. ವೈಪರಿನ ನೀರು ತುಂಬಿಸಲು ಬಾನೆಟ್ ಎತ್ತಿದವಳು ಹಾಗೆಯೇ ಎಂಜಿನ್ ಆಯಿಲ್ ಹಾಕುವ ಮುಚ್ಚಳವನ್ನೂ ತಿರುಗಿಸಿ ತೆಗೆದೆ.

ಮುಚ್ಚಳದ ಒಳಮೈಗೆ ಬೆಣ್ಣೆ ಮೆತ್ತಿತ್ತು. ಮಜ್ಜಿಗೆ ಕಡೆದ ಮೇಲೆ ಕಡೆಗೋಲಿನ ಹಲ್ಲುಗಳ ಸಂದಿಯಲ್ಲಿ ಉಳಿಯುತ್ತದಲ್ಲ, ಅದೇ ಬಣ್ಣ, ಅದೇ ಹದ. ಬೆರಳಲ್ಲಿ ತೆಗೆದು ಮೂಸಿದೆ. ಪೆಟ್ರೋಲಿನ ವಾಸನೆ.

ಜಗಲಿಯಲ್ಲಿ ಕವಳ ಹಾಕುತ್ತಿದ್ದ ಅಪ್ಪಯ್ಯ ಎದ್ದು ಬಂದು ಬಗ್ಗಿ ನೋಡಿದರು. "ಇದು ಒಳ್ಳೆಯ ಲಕ್ಷಣವಲ್ಲ ಮಾರಾಯ್ತಿ" ಎಂದರು. ಅವರಿಗೆ ಕಾರಿನ ವಿಷಯ ಏನೂ ತಿಳಿಯದು. ಆದರೆ ಲಕ್ಷಣ ಹೇಳುವ ಅಧಿಕಾರವನ್ನು ಅವರು ಯಾವತ್ತೂ ಬಿಟ್ಟುಕೊಟ್ಟವರಲ್ಲ.

ಪೇಟೆಯ ಒಂದು ಗ್ಯಾರೇಜಿಗೆ ಫೋಟೋ ಕಳಿಸಿದೆ. ಐದೇ ನಿಮಿಷಕ್ಕೆ ಫೋನು ಬಂತು. ಎಂಜಿನ್ನಿನೊಳಗೆ ನೀರು, ಆಯಿಲ್ ಬೆರೆಯದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಎಂಬ ಪಟ್ಟಿ ಹೋಗಿದೆ, ರೇಡಿಯೇಟರಿನ ನೀರು ಆಯಿಲ್‌ಗೆ ಸೇರುತ್ತಿದೆ, ಎಂಜಿನ್ ಬಿಚ್ಚಬೇಕು. ಆತ ಹೇಳಿದ ಖರ್ಚು ನನ್ನ ಒಂದು ತಿಂಗಳ ಸಂಬಳಕ್ಕೆ ಸ್ವಲ್ಪವೇ ಕಡಿಮೆ ಇತ್ತು. ಕಣ್ಣಿನ ತಪಾಸಣೆ ಮುಂದಿನ ವಾರಕ್ಕೆ ಹೋಯಿತು.

ನಮ್ಮೂರಿನ ತಿರುವಿನಲ್ಲಿ ಒಬ್ಬ ಹಳೆಯ ಮೆಕ್ಯಾನಿಕ್ಕರ ಶೆಡ್ಡಿದೆ. ಟಿಲ್ಲರ್, ಔಷಧ ಹೊಡೆಯುವ ಪಂಪು, ಜೀಪು ಎಲ್ಲಕ್ಕೂ ಅವರೇ. ಅಲ್ಲಿಯವರೆಗೆ ನಿಧಾನವಾಗಿ ಓಡಿಸಿಕೊಂಡು ಹೋದೆ. ಅವರು ಮುಚ್ಚಳವನ್ನು ಒಮ್ಮೆ ನೋಡಿ ಪಕ್ಕಕ್ಕಿಟ್ಟರು. ಕೂಲೆಂಟ್, ಅಂದರೆ ರೇಡಿಯೇಟರಿನ ನೀರಿನ ಡಬ್ಬಿಯ ಗೆರೆ ನೋಡಿದರು, ಮಟ್ಟ ಇಳಿದಿರಲಿಲ್ಲ. ಆಯಿಲ್ ಮಟ್ಟ ಅಳೆಯುವ ಕಡ್ಡಿ, ಡಿಪ್‌ಸ್ಟಿಕ್ ಎಳೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಅದ್ದಿ ತೆಗೆದರು. ಆಯಿಲ್ ಕಪ್ಪಾಗಿತ್ತು, ಹಾಲು ಬೆರೆಸಿದ ಕಾಫಿಯಂತಾಗಿರಲಿಲ್ಲ. ಎಂಜಿನ್ ಚಾಲೂ ಮಾಡಿಸಿ ಇಪ್ಪತ್ತು ನಿಮಿಷ ಬಿಟ್ಟರು. ಮೊದಲು ಸೈಲೆನ್ಸರಿನಿಂದ ಬರುತ್ತಿದ್ದ ಬಿಳಿ ಹಬೆ ಬಿಸಿಯಾದ ಮೇಲೆ ನಿಂತಿತು. ಆಮೇಲೆ ಕೇಳಿದರು:

"ದಿನಾ ಎಷ್ಟು ದೂರ ಓಡಿಸುತ್ತೀರಿ ಟೀಚರಮ್ಮ?"

"ಶಾಲೆಗೆ ಮೂರೂವರೆ ಕಿಲೋಮೀಟರ್. ಸಂಜೆ ವಾಪಸ್ಸು ಮೂರೂವರೆ."

"ಹಾಗಾದರೆ ಈ ಗಾಡಿಗೆ ಒಂದು ದಿನವೂ ಬೆವರು ಬಂದಿಲ್ಲ. ಗ್ಯಾಸ್ಕೆಟ್ ಏನೂ ಆಗಿಲ್ಲ. ಕಡೆಯ ಸಲ ಆಯಿಲ್ ಬದಲಿಸಿದ್ದು ಯಾವಾಗ?"

ಹತ್ತೊಂಬತ್ತು ತಿಂಗಳ ಹಿಂದೆ. ಅದನ್ನು ಹೇಳುವಾಗ ನನಗೆ ಅಳುಕೇನೂ ಇರಲಿಲ್ಲ, ಏಕೆಂದರೆ ಅಷ್ಟರಲ್ಲಿ ಕಾರು ಓಡಿದ್ದು ಬರೀ 2,700 ಕಿಲೋಮೀಟರ್. ಹತ್ತು ಸಾವಿರಕ್ಕೆ ಒಮ್ಮೆ ಬದಲಿಸಿದರೆ ಸಾಕೆಂದು ನನಗೆ ಗೊತ್ತಿತ್ತು. ನನ್ನ ಲೆಕ್ಕದಲ್ಲಿ ಇನ್ನೂ ಏಳು ಸಾವಿರ ಬಾಕಿ ಇತ್ತು. ಓಡಿಸದ ಕಾರಿನ ಆಯಿಲ್ ಹೇಗೆ ಹಾಳಾದೀತು?

ಅವರು ವಿವರಿಸಿದ್ದನ್ನು ನಾನು ಆಮೇಲೆ ಪುಸ್ತಕ ನೋಡಿ ಖಚಿತಪಡಿಸಿಕೊಂಡೆ. ವಿಜ್ಞಾನ ಪಾಠ ಮಾಡುವ ನನಗೆ ಇದು ಹೊಳೆಯದೆ ಹೋದದ್ದಕ್ಕೆ ನಾಚಿಕೆಯೂ ಆಯಿತು. ಪೆಟ್ರೋಲ್ ಉರಿದಾಗ ಹೊಗೆಯ ಜೊತೆಗೆ ನೀರೂ ಹುಟ್ಟುತ್ತದೆ. ಒಂದು ಲೀಟರ್ ಪೆಟ್ರೋಲಿಗೆ ಹೆಚ್ಚು ಕಡಿಮೆ ಒಂದು ಲೀಟರ್ ನೀರು! ಬಹುಪಾಲು ಆವಿಯಾಗಿ ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ. ಸ್ವಲ್ಪ ಭಾಗ ಪಿಸ್ಟನ್ನಿನ ಉಂಗುರಗಳನ್ನು ದಾಟಿ ಆಯಿಲ್ ಇರುವ ಕಡೆಗೆ ಇಳಿಯುತ್ತದೆ, ಉರಿಯದ ಪೆಟ್ರೋಲೂ ಅದರ ಹಿಂದೆಯೇ. ಎಂಜಿನ್ ಚೆನ್ನಾಗಿ ಕಾದರೆ ಎರಡೂ ಆವಿಯಾಗಿ ಹೋಗುತ್ತವೆ. ಆದರೆ ಡ್ಯಾಶ್‌ಬೋರ್ಡಿನ ಮುಳ್ಳು ಮೇಲೇರಿದ ಮಾತ್ರಕ್ಕೆ ಆಯಿಲ್ ಕಾದಿದೆ ಎಂದಲ್ಲ. ಮುಳ್ಳು ತೋರಿಸುವುದು ಕೂಲೆಂಟಿನ ಬಿಸಿಯನ್ನು. ಆಯಿಲ್ ಅದಕ್ಕಿಂತ ಬಹಳ ತಡವಾಗಿ ಕಾಯುತ್ತದೆ. ನನ್ನ ಕಾರು ಎಂಟನೆಯ ನಿಮಿಷಕ್ಕೆ ಶಾಲೆಯ ಮಾವಿನ ಮರದ ಕೆಳಗೆ ನಿಂತುಬಿಡುತ್ತಿತ್ತು. ಮಳೆಗಾಲದ ಥಂಡಿಗೆ ಒಳಗಿನ ಆವಿ ತಗಡಿಗೆ ತಾಗಿ ಹನಿಯಾಗುತ್ತದೆ, ಹನಿ ಆಯಿಲ್ ಜೊತೆ ಕಡೆದುಕೊಂಡು ಬೆಣ್ಣೆಯಾಗುತ್ತದೆ. ಮುಚ್ಚಳ ಎಲ್ಲಕ್ಕಿಂತ ಮೇಲೆ, ತಣ್ಣಗಿರುವ ಜಾಗ, ಹಾಗಾಗಿ ಮೊದಲು ಅಲ್ಲೇ ಕಾಣಿಸಿತು.

ಆಯಿಲ್ ತೆಗೆಯುವುದಕ್ಕೂ ಎಂಜಿನ್ ಬಿಸಿಯಿದ್ದದ್ದು ಒಳ್ಳೆಯದೇ ಆಯಿತು, ತಣ್ಣಗಿದ್ದರೆ ಕೊಳೆ ತಳದಲ್ಲೇ ಉಳಿಯುತ್ತದಂತೆ. ಕೆಳಗಿನ ಬೋಲ್ಟ್ ಬಿಚ್ಚಿದಾಗ ಆಯಿಲ್ ಸುರಿಯಿತು, ಜೋನಿಬೆಲ್ಲದ ಹಾಗೆ ಅಲ್ಲ, ಕಷಾಯದಂತೆ ನೀರಾಗಿ. ಪೆಟ್ರೋಲ್ ಬೆರೆತರೆ ಹಾಗೆ ತೆಳುವಾಗುತ್ತದೆ. ಕಪ್ಪು ಬಣ್ಣ ನೋಡಿ ನಾನು ಮುಖ ಸಿಂಡರಿಸಿದ್ದಕ್ಕೆ ಅವರು ನಕ್ಕರು. ಕಪ್ಪಾದರೆ ಅದು ಕೊಳೆಯನ್ನು ತನ್ನ ಮೈಮೇಲೆ ಎಳೆದುಕೊಂಡಿದೆ ಎಂದೇ ಅರ್ಥ, ಕೆಲಸ ಮಾಡುವ ಆಯಿಲ್ ಕಪ್ಪಾಗಲೇಬೇಕು ಎಂದರು. ಹಳೆಯ ಫಿಲ್ಟರ್ ಹೋಯಿತು, ಬೋಲ್ಟಿಗೆ ಹೊಸ ವಾಷರ್ ಬಂತು. ಮೂರೂವರೆ ಲೀಟರಿನ ಕ್ಯಾನಿನಲ್ಲಿ ಸುಮಾರು ಮೂರು ಲೀಟರ್ ಇಳಿಯಿತು. ಉಳಿದ ಅರ್ಧ ಲೀಟರಿನ ಮೇಲೆ ನನ್ನ ತಮ್ಮನ ಕಣ್ಣು ಬಿತ್ತು. ಬೈಕಿಗೆ ಹಾಕಿಕೊಳ್ಳುತ್ತೇನೆ ಎಂದ. "ನಿನ್ನ ಬೈಕಿನ ಕ್ಲಚ್ಚು ಇದೇ ಆಯಿಲ್‌ನಲ್ಲಿ ಮುಳುಗಿರುತ್ತದೆ ಮಾರಾಯ. ಕಾರಿನದು ಹಾಕಿದರೆ ಅದು ಜಾರುತ್ತದೆ" ಎಂದು ಅವರು ಕ್ಯಾನಿನ ಮುಚ್ಚಳ ಬಿಗಿದು ನನ್ನ ಕೈಗೇ ಕೊಟ್ಟರು.

ಮನೆಗೆ ಬಂದು ಕಾರಿನ ಕೈಪಿಡಿ ಹುಡುಕಿದೆ. ಪ್ಲಾಸ್ಟಿಕ್ ಕವರಿನಿಂದ ಅದು ಹೊರಗೆ ಬಂದದ್ದೇ ಅಂದು. 10,000 ಕಿಲೋಮೀಟರ್ ಅಥವಾ 12 ತಿಂಗಳು, ಯಾವುದು ಮೊದಲೋ ಅದು. ಮಕ್ಕಳಿಗೆ ಪ್ರಶ್ನೆಯನ್ನು ಪೂರ್ತಿ ಓದಿ ಎಂದು ವರ್ಷವಿಡೀ ಬೊಬ್ಬೆ ಹೊಡೆಯುವ ನಾನು ಈ ವಾಕ್ಯದ ಅರ್ಧವನ್ನು ಮಾತ್ರ ಬಾಯಿಪಾಠ ಮಾಡಿಕೊಂಡಿದ್ದೆ. ಅದರ ಕೆಳಗೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಇನ್ನೊಂದು ಮಾತಿತ್ತು: ಬಳಕೆ ಕಠಿಣವಾಗಿದ್ದರೆ ಆ ಅವಧಿಯ ಅರ್ಧಕ್ಕೇ ಬದಲಿಸಬೇಕು. ಕಠಿಣ ಎಂದರೆ ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಏದುಸಿರು ಬಿಡುತ್ತಾ ಏರುವ ವಾಹನ ಎಂದು ನಾನಾಗಿದ್ದರೆ ಬರೆಯುತ್ತಿದ್ದೆ. ಘಟ್ಟದ ರಸ್ತೆ, ಧೂಳು ಅಲ್ಲಿ ಇದ್ದವು, ಸರಿ. ಆದರೆ ಪಟ್ಟಿಯ ಮೊದಲಲ್ಲೇ ಇದ್ದದ್ದು ಎಂಜಿನ್ ಬಿಸಿಯಾಗುವ ಮೊದಲೇ ಮುಗಿಯುವ ಸಣ್ಣ ಓಡಾಟ. ಅಂದರೆ ನಾನು. ಜೋಪಾನ ಮಾಡುತ್ತಿದ್ದೇನೆಂದುಕೊಂಡು ಸಣ್ಣ ಗೇರಿನಲ್ಲಿ ಶಾಲೆಗೆ ಹೋಗಿ ಬರುತ್ತಿದ್ದ ನಾನು.

ಅಪ್ಪಯ್ಯನಿಗೆ ಇದನ್ನು ಓದಿ ಹೇಳಿದಾಗ ಅವರು ಸ್ವಲ್ಪವೂ ಬೆರಗಾಗಲಿಲ್ಲ. "ಟಿಲ್ಲರ್ ಗದ್ದೆಯಲ್ಲಿ ಸುತ್ತಿದ್ದನ್ನು ಯಾರಾದರೂ ಕಿಲೋಮೀಟರಿನಲ್ಲಿ ಅಳೆಯುತ್ತಾರಾ?" ಎಂದರು. ಹೌದಲ್ಲ. ಟಿಲ್ಲರಿಗೂ ಪಂಪಿಗೂ ಅವರದು ಗಂಟೆ ಲೆಕ್ಕ. ಅಡುಗೆಮನೆಯ ಬಾಗಿಲ ಹಿಂದಿನ ಕ್ಯಾಲೆಂಡರಿನಲ್ಲಿ ಅಡಿಕೆಗೆ ಕೊಳೆರೋಗದ ಔಷಧ ಬೋರ್ಡೋ ಹೊಡೆದ ದಿನ, ಅಲ್ಲಿಂದ ನಲವತ್ತು ದಿನ ಎಣಿಸಿ ಎರಡನೆಯ ಸಲ ಹೊಡೆಯಬೇಕಾದ ದಿನ, ಪಂಪು ಎಷ್ಟು ಗಂಟೆ ಓಡಿತು, ಆಯಿಲ್ ಯಾವಾಗ ಬದಲಿಸಿದ್ದು ಎಲ್ಲವೂ ಪೆನ್ಸಿಲಿನಲ್ಲಿ ಇದೆ. ಕೊಳೆರೋಗಕ್ಕೆ ಒಂದು ವಾರ ತಡವಾದರೂ ಫಸಲು ಉದುರುತ್ತದೆ ಎಂದು ಗೊತ್ತಿರುವ ಮನೆಯಲ್ಲಿ ನನ್ನ ಕಾರಿಗೆ ಮಾತ್ರ ಕ್ಯಾಲೆಂಡರಿನಲ್ಲಿ ಜಾಗವಿರಲಿಲ್ಲ.

ಒಂದು ಜಗಳವೂ ಆಯಿತು, ಹೇಳದೆ ಬಿಟ್ಟರೆ ಸರಿಯಲ್ಲ. ತೆಗೆದ ಆಯಿಲ್ ಏನು ಮಾಡಿದೆ ಎಂದು ಅಪ್ಪಯ್ಯ ಕೇಳಿದರು. ಶೆಡ್ಡಿನ ಡ್ರಮ್ಮಿಗೆ ಸುರಿದೆವು ಎಂದೆ. ಬೇಲಿಯ ಗೂಟಗಳಿಗೆ ಬಳಿದಿದ್ದರೆ ಗೆದ್ದಲು ಹತ್ತಿರ ಸುಳಿಯುತ್ತಿರಲಿಲ್ಲ ಎಂದು ಅವರು ಕೊರಗಿದರು. ನಮ್ಮ ಕಡೆ ಎಲ್ಲರೂ ಹಾಗೆಯೇ ಮಾಡುತ್ತಾರೆ. ಆದರೆ ನಮ್ಮ ಬೇಲಿಯ ಬುಡದಲ್ಲೇ ಹಳ್ಳ, ಹಳ್ಳ ಸೇರುವುದು ತುಂಗೆಗೆ, ಇಂಥ ಮಳೆಯಲ್ಲಿ ಗೂಟಕ್ಕೆ ಬಳಿದದ್ದು ಎಷ್ಟು ದಿನ ಗೂಟದ ಮೇಲೆ ಇದ್ದೀತು? ಹಳೆಯ ಆಯಿಲನ್ನು ಕಾನೂನು ಅಪಾಯಕಾರಿ ತ್ಯಾಜ್ಯ ಎಂದೇ ಕರೆಯುತ್ತದೆ. ಇಷ್ಟೆಲ್ಲ ಹೇಳಿದೆ. ಅವರು ಒಪ್ಪಲಿಲ್ಲ. ಮಾತು ಬೇರೆಡೆಗೆ ಹೊರಳಿತು.

ಮೆಕ್ಯಾನಿಕ್ಕರು ಕೊಟ್ಟ ಪಥ್ಯ ಎರಡು. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ಆಯಿಲ್ ಬದಲಿಸಬೇಕು, ಓಡಿದ್ದು ಎಷ್ಟೇ ಇರಲಿ. ವಾರಕ್ಕೊಮ್ಮೆ ಗಾಡಿಯನ್ನು ಎಲ್ಲೂ ನಿಲ್ಲಿಸದೆ ಮೂವತ್ತು ಕಿಲೋಮೀಟರ್ ಓಡಿಸಬೇಕು. ಮೊದಲನೆಯದನ್ನು ಕ್ಯಾಲೆಂಡರಿನಲ್ಲಿ ಎರಡನೆಯ ಬೋರ್ಡೋ ದಿನದ ಕೆಳಗೆ ಬರೆದೆ. ಎರಡನೆಯದಕ್ಕೆ ಈಗ ಭಾನುವಾರ ಬೆಳಿಗ್ಗೆ ತುಂಗೆಯ ದಡದ ಮಂಡಗದ್ದೆ ಪಕ್ಷಿಧಾಮದವರೆಗೆ ಹೋಗುತ್ತೇವೆ. ಹೊಳೆಯ ನಡುವೆ ಅರ್ಧ ಮುಳುಗಿದ ಮರಗಳ ಮೇಲೆ ಬೆಳ್ಳಕ್ಕಿಗಳು ಗೂಡು ಕಟ್ಟಿರುತ್ತವೆ. ಕಾಫಿ ಕುಡಿದು ವಾಪಸ್ಸು. ಪೆಟ್ರೋಲಿಗೆ ದುಡ್ಡು ದಂಡ ಎಂದು ಮೊದಲ ವಾರ ಗೊಣಗಿದವರು ಅಪ್ಪಯ್ಯನೇ. ಕಳೆದ ಭಾನುವಾರ ನಾನು ಇನ್ನೂ ದೋಸೆ ಹುಯ್ಯುತ್ತಿದ್ದೆ, ಅವರು ಅಂಗಿ ಹಾಕಿ, ಕವಳದ ಸಂಚಿ ಹಿಡಿದು ಮುಂದಿನ ಸೀಟಿನಲ್ಲಿ ಕುಳಿತು ಹಾರ್ನ್ ಒತ್ತಿದರು.

"ಹೊತ್ತಾಯಿತು ಮಾರಾಯ್ತಿ, ಎಂಜಿನ್ ಬಿಸಿ ಆಗಬೇಕಲ್ಲ!"